ಟ್ರೌಟ್ ಸಂಘದ ಸದಸ್ಯತ್ವ: ಗಾಳ ಹಿಡಿಯದ ಕುಟುಂಬಕ್ಕೆ ಅಲ್ಲಿ ಏನು ಕೆಲಸವಿದೆ?

ಪ್ರಶ್ನೆ (ರಾಚೆಸ್ಟರ್ ಹಿಲ್ಸ್, ಮಿಷಿಗನ್)

ಮಾನ್ಯರೇ,

ನಾವು ಡೆಟ್ರಾಯಿಟ್ ನಗರದ ಉತ್ತರಕ್ಕಿರುವ ರಾಚೆಸ್ಟರ್ ಹಿಲ್ಸ್‌ನಲ್ಲಿ ನೆಲೆಸಿದ್ದೇವೆ. ಮನೆಗೆ ಹತ್ತಿರದಲ್ಲೇ ಪೇಂಟ್ ಕ್ರೀಕ್ ಎಂಬ ತೊರೆ ಹರಿಯುತ್ತದೆ. ಅದರ ಪಕ್ಕದ ಹಳೆಯ ರೈಲು ದಾರಿಯನ್ನು ಈಗ ನಡಿಗೆಯ ಹಾದಿಯಾಗಿ ಮಾಡಿರುವುದರಿಂದ ಈ ಭಾಗದ ಅನೇಕ ಕನ್ನಡಿಗರಿಗೆ ಅದು ಪರಿಚಿತ ಸ್ಥಳ. ಆ ತೊರೆಯಲ್ಲಿ ಟ್ರೌಟ್ ಮೀನುಗಳಿವೆ ಎಂಬುದು ನಮ್ಮ ನೆರೆಯವರು ಹೇಳುವವರೆಗೆ ನಮಗೆ ತಿಳಿದಿರಲಿಲ್ಲ. ಅವರು 'ಟ್ರೌಟ್ ಅನ್‌ಲಿಮಿಟೆಡ್' ಸಂಸ್ಥೆಯ ಸ್ಥಳೀಯ ಶಾಖೆಯಲ್ಲಿ ಬಹಳ ಕಾಲದಿಂದ ಇರುವವರು. ನಮ್ಮ ಕುಟುಂಬವೂ ಸದಸ್ಯತ್ವ ಪಡೆಯಬೇಕೆಂದು ಪ್ರೀತಿಯಿಂದ ಕೇಳುತ್ತಿದ್ದಾರೆ.

ನಮ್ಮದು ಸಸ್ಯಾಹಾರಿ ಮನೆ, ಗಾಳ ಹಿಡಿದವರು ನಮ್ಮಲ್ಲಿ ಯಾರೂ ಇಲ್ಲ. ನದಿಗಾಗಿ ಕೆಲಸ ಮಾಡಬೇಕೆಂಬ ಆಸೆ ಮಾತ್ರ ನಿಜವಾಗಿಯೂ ಇದೆ, ಮಗಳಿಗಂತೂ ನೀರು, ಹುಳು, ಮೀನು ಎಂದರೆ ತುಂಬ ಆಸಕ್ತಿ. ಹೀಗಿರುವಾಗ ತಿಳಿದವರಲ್ಲಿ ಮೂರು ಸಂಗತಿಗಳನ್ನು ಕೇಳಬೇಕೆನಿಸಿತು. ಮೀನು ಹಿಡಿಯುವುದನ್ನು ಹವ್ಯಾಸವಾಗಿ ಇಟ್ಟುಕೊಂಡ ಸಂಘವೊಂದು ಸಂರಕ್ಷಣೆಯ ಕೆಲಸವನ್ನು ಮನಸ್ಸಿಟ್ಟು ಮಾಡುತ್ತದೆಯೇ, ಅಥವಾ ಮುಂದಿನ ವರ್ಷ ಹೆಚ್ಚು ಮೀನು ಸಿಗಲಿ ಎಂಬುದಷ್ಟೇ ಅದರ ಗುರಿಯೇ? ಗಾಳ ಹಾಕದವರಿಗೆ ಅಲ್ಲಿ ಮಾಡಲು ಏನಾದರೂ ಇದೆಯೇ? ಮಕ್ಕಳನ್ನು ಕರೆದೊಯ್ಯಬಹುದೇ? ಇಂತಹ ಸಂಘಗಳಲ್ಲಿ ತೊಡಗಿಕೊಂಡವರು ಅನುಭವದಿಂದ ಬರೆದರೆ ಉಪಕಾರವಾಗುತ್ತದೆ.

ಉತ್ತರ 1 (ಲ್ಯಾನ್ಸಿಂಗ್, ಮಿಷಿಗನ್)

ನಮಸ್ಕಾರ. ನಾನು ಗಾಳ ಹಾಕುವವನು. ಉತ್ತರ ಮಿಷಿಗನ್ನಿನ ಔಸಾಬಲ್ ನದಿಯ ಕೆಲಸಗಳಿಗೆ ಹಲವು ವರ್ಷಗಳಿಂದ ಹೋಗುತ್ತಿದ್ದೇನೆ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಆ ಸಂಸ್ಥೆ ಹುಟ್ಟಿದ ಬಗೆಯಲ್ಲೇ ಇರುವುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಟ್ರೌಟ್ ಅನ್‌ಲಿಮಿಟೆಡ್ ಹುಟ್ಟಿದ್ದು ನಮ್ಮ ರಾಜ್ಯದಲ್ಲೇ. 1959ರ ಜುಲೈ ತಿಂಗಳಲ್ಲಿ ಗ್ರೇಲಿಂಗ್ ಪಟ್ಟಣದ ಸಮೀಪ, ಔಸಾಬಲ್ ದಂಡೆಯ ಮೇಲಿದ್ದ ಜಾರ್ಜ್ ಗ್ರಿಫಿತ್ ಅವರ ಮನೆಯಲ್ಲಿ 16 ಮಂದಿ ಸೇರಿ ಅದನ್ನು ಕಟ್ಟಿದರು. ಆಗ ಸರ್ಕಾರವು ಸಾಕಣೆ ಕೇಂದ್ರಗಳಲ್ಲಿ ಬೆಳೆಸಿದ ಟ್ರೌಟ್‌ಗಳನ್ನು ನದಿಗೆ ತಂದು ಸುರಿಯುತ್ತಿತ್ತು, ಜನ ಅವುಗಳನ್ನು ಕೆಲವೇ ದಿನಗಳಲ್ಲಿ ಹಿಡಿದು ಮುಗಿಸುತ್ತಿದ್ದರು, ಮರುವರ್ಷ ಮತ್ತೆ ಸುರಿಯಲಾಗುತ್ತಿತ್ತು. ಮೀನು ಹೆಚ್ಚು ಸಿಗುವುದಷ್ಟೇ ಆ ಹದಿನಾರು ಮಂದಿಯ ಗುರಿಯಾಗಿದ್ದರೆ ಅವರು ಇನ್ನಷ್ಟು ಸುರಿಯಿರಿ ಎಂದು ಕೇಳುತ್ತಿದ್ದರು. ಅವರು ಕೇಳಿದ್ದು ಅದಕ್ಕೆ ವಿರುದ್ಧವಾದುದನ್ನು. ಸಾಕಿದ ಮೀನು ಬಿಡುವುದನ್ನು ಕಡಿಮೆ ಮಾಡಿ, ನದಿಯನ್ನು ಸರಿಪಡಿಸಿ, ಮೀನು ತಾನಾಗಿಯೇ ಮರಿ ಮಾಡಿ ಬದುಕುವಂತಾಗಲಿ ಎಂಬುದು ಅವರ ಬೇಡಿಕೆಯಾಗಿತ್ತು. ಈ ವಿಚಾರಕ್ಕೆ ಮುಂಚೆಯೇ ಬೀಜ ಹಾಕಿದವರಲ್ಲಿ ಜಾರ್ಜ್ ಮೇಸನ್ ಒಬ್ಬರು. ಡೆಟ್ರಾಯಿಟ್‌ನ ಕಾರು ಉದ್ಯಮದಲ್ಲಿರುವ ನಮ್ಮವರಿಗೆ ಅಮೆರಿಕನ್ ಮೋಟರ್ಸ್ ಕಂಪನಿಯ ಮೊದಲ ಮುಖ್ಯಸ್ಥರಾಗಿ ಅವರ ಹೆಸರು ಗೊತ್ತಿರಬಹುದು. 1954ರಲ್ಲಿ ಅವರು ತೀರಿಕೊಂಡಾಗ ಔಸಾಬಲ್‌ನ ದಕ್ಷಿಣ ಶಾಖೆಯ ಉದ್ದಕ್ಕೂ ಇದ್ದ ಸುಮಾರು 1,500 ಎಕರೆ ಕಾಡನ್ನು ರಾಜ್ಯಕ್ಕೆ ಬಿಟ್ಟುಕೊಟ್ಟಿದ್ದರು. ಇಂದಿಗೂ ಆ ದಂಡೆಯಲ್ಲಿ ಮನೆಗಳಿಲ್ಲ.

ಇನ್ನು ಕೆಲಸದ ವಿಷಯ. ಟ್ರೌಟ್‌ಗೆ ಮುಖ್ಯವಾಗಿ ಬೇಕಾದದ್ದು ತಣ್ಣನೆಯ ನೀರು. ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಅದು ಬಳಲುತ್ತದೆ, ಇಪ್ಪತ್ತೈದರ ಹತ್ತಿರ ಬಂದು ಹಾಗೆಯೇ ನಿಂತರೆ ಬದುಕುವುದು ಕಷ್ಟ. ಔಸಾಬಲ್ ಸುತ್ತಲಿನ ನೆಲ ಹಿಮಯುಗದ ಕಾಲದಲ್ಲಿ ಬಂದು ಬಿದ್ದ ಮರಳಿನದು. ಮಳೆ ಮತ್ತು ಹಿಮದ ನೀರು ಆ ಮರಳಿನಲ್ಲಿ ಇಂಗಿ, ಒರತೆಯಾಗಿ ನದಿ ಸೇರುವುದರಿಂದ ಬೇಸಿಗೆಯಲ್ಲೂ ಅಲ್ಲಿನ ನೀರು ತಂಪಾಗಿರುತ್ತದೆ. ಆ ಮರಳೇ ನದಿಗೆ ಕಂಟಕವೂ ಹೌದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಲ್ಲಿನ ಬಿಳಿ ಪೈನ್ ಮರಗಳನ್ನೆಲ್ಲ ಕಡಿದು, ದಿಮ್ಮಿಗಳನ್ನು ನದಿಯಲ್ಲೇ ತೇಲಿಬಿಟ್ಟು ಸಾಗಿಸಿದರು. ದಾರಿಗೆ ಅಡ್ಡ ಬಂದ ಬಿದ್ದ ಮರಗಳನ್ನು ಕಿತ್ತೆಸೆದರು. ದಿಮ್ಮಿಗಳ ಹೊಡೆತಕ್ಕೆ ದಂಡೆಗಳು ಕುಸಿದು ಮರಳು ತಳಕ್ಕೆ ಇಳಿಯಿತು. ಟ್ರೌಟ್ ಶರತ್ಕಾಲದಲ್ಲಿ ಜಲ್ಲಿಕಲ್ಲಿನ ಸಂದುಗಳಲ್ಲಿ ಮೊಟ್ಟೆಯಿಡುತ್ತದೆ. ಚಳಿಗಾಲವಿಡೀ ಆ ಸಂದುಗಳ ಮೂಲಕ ನೀರು ಹರಿಯುತ್ತಿದ್ದರೆ ಮಾತ್ರ ಮೊಟ್ಟೆಗೆ ಉಸಿರು, ಮರಳು ತುಂಬಿಕೊಂಡರೆ ಅದು ಅಲ್ಲೇ ಸಾಯುತ್ತದೆ.

ಆದ್ದರಿಂದ ಸಂಘದವರ ಕೆಲಸದ ಬಹುಪಾಲು ಈ ಮರಳಿನೊಂದಿಗೆ, ಮರದೊಂದಿಗೆ ಮತ್ತು ಮೋರಿಗಳೊಂದಿಗೆ. ಕುಸಿಯುತ್ತಿರುವ ದಂಡೆಯನ್ನು ಇಳಿಜಾರಾಗಿ ಸವರಿ, ಬುಡಕ್ಕೆ ಕಲ್ಲು ಅಥವಾ ದಿಮ್ಮಿ ಕೊಟ್ಟು, ಮೇಲೆ ಗಿಡ ನೆಡುತ್ತೇವೆ. ನದಿಯೊಳಗೆ ಅಲ್ಲಲ್ಲಿ ಗುಂಡಿ ತೋಡಿ ಮರಳು ಅದರಲ್ಲಿ ನಿಲ್ಲುವಂತೆ ಮಾಡಿ ಆಗಾಗ ತೆಗೆಸಲಾಗುತ್ತದೆ. ಒಂದು ಕಾಲದಲ್ಲಿ ಕಿತ್ತೆಸೆದ ಮರಗಳನ್ನು ಈಗ ಮತ್ತೆ ತಂದು ಇಡುತ್ತೇವೆ, ಅದೂ ಬೇರುಗಡ್ಡೆ ಸಮೇತ. ಬೇರು ಹರಿವಿನ ಮೇಲ್ಬದಿಗೆ ಬರುವಂತೆ, ದಂಡೆಗೆ ಓರೆಯಾಗಿ ಮಲಗಿಸಿ ನೆಲಕ್ಕೆ ಭದ್ರ ಮಾಡಿದರೆ, ನೀರು ಅದರ ಸುತ್ತ ಸುಳಿದು ಮರಳನ್ನು ಕೊರೆದೊಯ್ಯುತ್ತದೆ. ಕೆಲವು ಪ್ರವಾಹಗಳು ಕಳೆಯುವಷ್ಟರಲ್ಲಿ ದಿಮ್ಮಿಯ ಕೆಳಗೆ ಆಳವಾದ ಮಡು ಏಳುತ್ತದೆ, ಮಡುವಿನ ಬಾಲದಲ್ಲಿ ಜಲ್ಲಿ ತೊಳೆದಿಟ್ಟಂತೆ ಕಾಣಿಸುತ್ತದೆ. ಮೋರಿಗಳ ಕಷ್ಟ ಬೇರೆ ತರಹದ್ದು. ರಸ್ತೆಯಡಿಯ ಕೊಳವೆ ಸಣ್ಣದಾಗಿದ್ದರೆ ನೀರು ಅದರಿಂದ ರಭಸವಾಗಿ ಚಿಮ್ಮಿ ಕೆಳಗೆ ಗುಂಡಿ ಕೊರೆಯುತ್ತದೆ, ಕ್ರಮೇಣ ಕೊಳವೆಯ ಬಾಯಿ ನೀರಿನಿಂದ ಮೇಲೆ ತೂಗಾಡುವಂತಾಗಿ, ಬೇಸಿಗೆಯಲ್ಲಿ ತಂಪು ಅರಸಿ ಮೇಲಕ್ಕೆ ಹೋಗಬೇಕಾದ ಮೀನಿಗೆ ದಾರಿಯೇ ಇಲ್ಲವಾಗುತ್ತದೆ. ಅಂತಹ ಮೋರಿಗಳನ್ನು ಗುರುತಿಸಿ, ಅಳೆದು, ಬದಲಾಯಿಸಲು ಕೌಂಟಿಯವರನ್ನು ಒಪ್ಪಿಸುವ ಕೆಲಸಕ್ಕೆ ಗಾಳ ಬೇಕಿಲ್ಲ. ಅಳತೆ ಪಟ್ಟಿ ಮತ್ತು ತಾಳ್ಮೆ ಬೇಕು.

ನಿಮ್ಮ ಪೇಂಟ್ ಕ್ರೀಕ್ ಇದಕ್ಕೆ ಒಳ್ಳೆಯ ಉದಾಹರಣೆ. ಲೇಕ್ ಓರಿಯನ್ ಒಡ್ಡಿನ ಮೇಲಿನಿಂದ ಉಕ್ಕಿ ಬರುವ ನೀರು ಬಿಸಿಲಿಗೆ ಕಾದ ಮೇಲ್ಪದರದ್ದು. ಸರೋವರದ ತಳದ ತಣ್ಣನೆಯ ನೀರನ್ನು ಕೊಳವೆಯ ಮೂಲಕ ತೊರೆಗೆ ಬಿಡುವ ವ್ಯವಸ್ಥೆ ಅಲ್ಲಿದೆ. ಅದರ ಹಿಂದೆ ನಿಮ್ಮ ಭಾಗದ ಶಾಖೆಯ ಶ್ರಮವಿದೆ. 2011ರಲ್ಲಿ ಸೈಡರ್ ಮಿಲ್ (ಸೇಬಿನ ರಸದ ಗಿರಣಿ) ಬಳಿಯ ಹಳೆಯ ಒಡ್ಡನ್ನು ತೆಗೆದುಹಾಕಿದ್ದರಿಂದ ಮೀನಿನ ಓಡಾಟಕ್ಕಿದ್ದ ಇನ್ನೊಂದು ತಡೆಯೂ ಹೋಯಿತು. ಡೆಟ್ರಾಯಿಟ್‌ನಂತಹ ಮಹಾನಗರದ ಅಂಚಿನಲ್ಲಿ ಟ್ರೌಟ್ ಬದುಕುವ ತೊರೆ ಉಳಿದಿರುವುದು ತಾನಾಗಿ ಆದದ್ದಲ್ಲ. ಅದನ್ನು ಜನ ಕೈಯಾರೆ ಉಳಿಸಿಕೊಂಡಿದ್ದಾರೆ, ನಿಮ್ಮ ನೆರೆಯವರೂ ಅವರಲ್ಲಿ ಒಬ್ಬರಿರಬಹುದು.

ಇದಲ್ಲದೆ ಸಮಾಜದ ಕಡೆಗೂ ಈ ಸಂಘಗಳ ಗಮನವಿದೆ. ಗಾಯಗೊಂಡ ಮಾಜಿ ಸೈನಿಕರಿಗೆ, ಸ್ತನ ಕ್ಯಾನ್ಸರ್ ಚಿಕಿತ್ಸೆ ಪಡೆದ ಮಹಿಳೆಯರಿಗೆ ನದಿಯ ಬಳಿ ಶಿಬಿರ ನಡೆಸುವ ಪ್ರತ್ಯೇಕ ಸಂಸ್ಥೆಗಳಿವೆ. ಅಲ್ಲಿ ಕಲಿಸಲು ಹೋಗುವ ಸ್ವಯಂಸೇವಕರು ಬಹುಮಟ್ಟಿಗೆ ಇಂತಹ ಸಂಘಗಳವರೇ.

ಉತ್ತರ 2 (ನ್ಯೂಜೆರ್ಸಿ)

ಮೇಲೆ ಬರೆದ ಹಿರಿಯರು ನದಿಯ ಕೆಲಸವನ್ನು ಚೆನ್ನಾಗಿ ವಿವರಿಸಿದ್ದಾರೆ. ಮಕ್ಕಳ ಬಗ್ಗೆ ನೀವು ಕೇಳಿದ್ದೀರಿ, ನಾನು ಅದಕ್ಕಷ್ಟೇ ಉತ್ತರಿಸುತ್ತೇನೆ.

ನಾನು ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ರಾಜ್ಯದಲ್ಲಿ ಟ್ರೌಟ್ ಅನ್‌ಲಿಮಿಟೆಡ್ ಶಾಖೆಗಳ ನೆರವಿನಿಂದ 'ಟ್ರೌಟ್ ಇನ್ ದ ಕ್ಲಾಸ್‌ರೂಮ್' ಎಂಬ ಕಾರ್ಯಕ್ರಮ ನಡೆಯುತ್ತದೆ. ಅಕ್ಟೋಬರ್‌ನಲ್ಲಿ ರಾಜ್ಯದ ಮರಿ ಉತ್ಪಾದನಾ ಕೇಂದ್ರದಿಂದ ಮೊಟ್ಟೆಗಳು ಬರುತ್ತವೆ, ಮೇ ತಿಂಗಳಲ್ಲಿ ಮರಿಗಳನ್ನು ಅನುಮತಿಯಿರುವ ತೊರೆಗೆ ಬಿಡುತ್ತೇವೆ. ನಡುವಿನ ಆರೇಳು ತಿಂಗಳು ತರಗತಿಯ ಮೂಲೆಯಲ್ಲಿ ಒಂದು ಗಾಜಿನ ತೊಟ್ಟಿ, ಅದಕ್ಕೆ ನೀರನ್ನು ತಣ್ಣಗಿಡುವ ಯಂತ್ರ. ಆ ಯಂತ್ರದ ಬೆಲೆ ಶಾಲೆಗೆ ಭಾರವಾದಾಗ ಸ್ಥಳೀಯ ಶಾಖೆ ಕೈಹಿಡಿಯುತ್ತದೆ.

ಮೊಟ್ಟೆಗಳು ಬಟಾಣಿಗಿಂತ ಚಿಕ್ಕವು, ಕಿತ್ತಳೆ ಬಣ್ಣದವು, ಒಳಗೆ ಎರಡು ಕಪ್ಪು ಚುಕ್ಕೆಗಳಾಗಿ ಕಣ್ಣುಗಳು ಕಾಣುತ್ತವೆ. ಸತ್ತ ಮೊಟ್ಟೆ ಬೆಳ್ಳಗಾಗುತ್ತದೆ. ಅದನ್ನು ಅಂದೇ ಪಿಪೆಟ್‌ನಿಂದ ಹೀರಿ ತೆಗೆಯದಿದ್ದರೆ ಬೂಷ್ಟು ಬೆಳೆದು ಪಕ್ಕದವಕ್ಕೂ ಹರಡುತ್ತದೆ. ಆದ್ದರಿಂದ ಮಕ್ಕಳು ಸರದಿಯ ಮೇಲೆ ಬೆಳಿಗ್ಗೆ ಬಂದ ಕೂಡಲೇ ತೊಟ್ಟಿಯ ಬಳಿ ಹೋಗುತ್ತಾರೆ. ಒಡೆದು ಹೊರಬಂದ ಮರಿ ಹೊಟ್ಟೆಯಡಿಯ ಹಳದಿ ಚೀಲದ ಆಹಾರದಲ್ಲೇ ಕೆಲವು ವಾರ ಬದುಕಿ, ಅದು ಕರಗಿದ ಮೇಲೆ ಈಜುತ್ತಾ ಮೇಲೆ ಬಂದು ಆಹಾರ ಹುಡುಕುತ್ತದೆ. ಅಲ್ಲಿಂದಾಚೆಗೆ ನಿಜವಾದ ಪರೀಕ್ಷೆ. ಹಾಕಿದ ಆಹಾರ ಹೆಚ್ಚಾದರೆ ನೀರಿನಲ್ಲಿ ಅಮೋನಿಯಾ ಏರುತ್ತದೆ. ಅದನ್ನು ನೈಟ್ರೈಟ್ ಮಾಡುವ, ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಸಾಕಷ್ಟು ಬೆಳೆಯುವವರೆಗೆ ಮಕ್ಕಳು ಪರೀಕ್ಷಾ ನಳಿಕೆಯ ಬಣ್ಣ ನೋಡಿ ಪಟ್ಟಿಯಲ್ಲಿ ಬರೆಯುತ್ತಾ, ಬೇಕೆಂದಾಗ ನೀರು ಬದಲಾಯಿಸುತ್ತಾ ಇರಬೇಕು. ಚರಂಡಿಗೆ ಸೇರಿದ ಹುಲ್ಲುಹಾಸಿನ ಗೊಬ್ಬರ ತೊರೆಗೆ ಏನು ಮಾಡುತ್ತದೆ ಎಂದು ಆಮೇಲೆ ಕೇಳಿದರೆ ಅವರಿಗೆ ಪಾಠ ಹೇಳಬೇಕಾಗಿಲ್ಲ.

ಈ ಮರಿಗಳಿಂದ ನದಿಯ ಮೀನಿನ ಸಂಖ್ಯೆ ಏರುವುದಿಲ್ಲ, ಕಾರ್ಯಕ್ರಮದ ಉದ್ದೇಶವೂ ಅದಲ್ಲ. ನದಿಯ ಅಗತ್ಯವೇನೆಂದು ಬಲ್ಲ ಮಕ್ಕಳು ಬೆಳೆಯಬೇಕು ಎಂಬುದು ಉದ್ದೇಶ. ಮಿಷಿಗನ್ನಿನಲ್ಲಿ ಇದೇ ರೀತಿ ಸಾಲ್ಮನ್ ಮರಿಗಳನ್ನು ತರಗತಿಯಲ್ಲಿ ಬೆಳೆಸುವ ಕಾರ್ಯಕ್ರಮವನ್ನು ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯೇ ನಡೆಸುತ್ತದೆ. ಮಗಳ ಶಾಲೆಯಲ್ಲಿ ಇದೆಯೇ ಎಂದು ಮೊದಲು ವಿಚಾರಿಸಿ.

ಉತ್ತರ 3 (ಮಿನಿಯಾಪೊಲಿಸ್)

ಇಷ್ಟೆಲ್ಲ ಒಳ್ಳೆಯ ಕೆಲಸದ ಬಗ್ಗೆ ಓದಿದ ಮೇಲೂ ನನ್ನಲ್ಲಿ ಒಂದು ಆಕ್ಷೇಪ ಉಳಿಯುತ್ತದೆ. ಪ್ರಶ್ನೆ ಕೇಳಿದವರು ನಿರ್ಧರಿಸುವ ಮುನ್ನ ಅದನ್ನೂ ತಿಳಿದಿರಬೇಕೆಂದು ಬರೆಯುತ್ತಿದ್ದೇನೆ.

ಬ್ರೌನ್ ಟ್ರೌಟ್ ಅಮೆರಿಕದ ಮೀನಲ್ಲ. 1883ರಲ್ಲಿ ಅದರ ಮೊಟ್ಟೆಗಳು ಜರ್ಮನಿಯಿಂದ ಬಂದವು, ಮರುವರ್ಷವೇ ಮಿಷಿಗನ್ನಿನ ಪೆರ್ ಮಾರ್ಕೆಟ್ ನದಿಯ ಜಾಲಕ್ಕೆ ಅದನ್ನು ಬಿಡಲಾಯಿತು. ರೇನ್‌ಬೋ ಟ್ರೌಟ್ ಪೆಸಿಫಿಕ್ ತೀರದ್ದು. ಬ್ರೂಕ್ ಟ್ರೌಟ್ ಈ ಪ್ರಾಂತ್ಯದ್ದೇ ಆದರೂ ಔಸಾಬಲ್‌ಗೆ ಅದನ್ನೂ ತಂದು ಬಿಟ್ಟದ್ದು. ಔಸಾಬಲ್‌ನಲ್ಲಿ ಮೊದಲಿನಿಂದ ಇದ್ದದ್ದು ಗ್ರೇಲಿಂಗ್ ಎಂಬ ಮೀನು, ಆ ಪಟ್ಟಣಕ್ಕೆ ಹೆಸರು ಬಂದದ್ದೇ ಅದರಿಂದ. ಮರ ಕಡಿದು ನದಿ ಕೆಡಿಸಿದ್ದು, ಮಿತಿಯಿಲ್ಲದೆ ಹಿಡಿದದ್ದು, ಹೊರಗಿನ ಟ್ರೌಟ್‌ಗಳನ್ನು ತಂದು ಸೇರಿಸಿದ್ದು, ಈ ಮೂರೂ ಕೂಡಿ 1930ರ ದಶಕದ ಹೊತ್ತಿಗೆ ಅದು ರಾಜ್ಯದಿಂದಲೇ ಕಣ್ಮರೆಯಾಯಿತು. ಹೀಗಿರುವಾಗ ಬ್ರೌನ್ ಟ್ರೌಟ್‌ಗಾಗಿ ಮಾಡುವ ಕೆಲಸವನ್ನು ಸಂರಕ್ಷಣೆ ಎಂದು ಕರೆಯಬಹುದೇ?

ಮೀನನ್ನು ಹಿಡಿದು ಮತ್ತೆ ಜೀವಂತವಾಗಿ ನೀರಿಗೆ ಬಿಡುವ ಪದ್ಧತಿಯೂ ನಿರಪಾಯವಲ್ಲ. ಎರೆ ನುಂಗಿದ ಮೀನಿನ ಗಂಟಲಲ್ಲಿ ಕೊಕ್ಕೆ ಸಿಕ್ಕಿಕೊಂಡರೆ ಬಿಟ್ಟ ಮೇಲೆ ಸಾಯುವ ಸಂಭವ ಹೆಚ್ಚು, ಬೇಸಿಗೆಯ ಬೆಚ್ಚಗಿನ ನೀರಿನಲ್ಲಂತೂ ಇನ್ನೂ ಹೆಚ್ಚು. ಸಂಘಗಳು ಇದನ್ನು ಸದಸ್ಯರಿಗೆ ನೇರವಾಗಿ ಹೇಳುತ್ತವೆಯೇ ಎಂದು ಕೇಳಿ ನೋಡುವುದು ಒಳ್ಳೆಯದು.

ಉತ್ತರ 4 (ಮಡಿಕೇರಿ)

ಮಿನಿಯಾಪೊಲಿಸ್‌ನಿಂದ ಬರೆದವರ ಆಕ್ಷೇಪಕ್ಕೆ ನಮ್ಮ ಕಾವೇರಿಯಲ್ಲಿ ನಡೆದ ಸಂಗತಿ ಹತ್ತಿರವಾಗಿರುವುದರಿಂದ ಅದನ್ನಿಲ್ಲಿ ಹೇಳುವುದು ಉಚಿತವೆನಿಸುತ್ತದೆ.

ಟ್ರೌಟ್‌ಗೆ ಅಲ್ಲಿ ಸಂಘಗಳಿರುವಂತೆ ಮಹಶೀರ್ ಎಂಬ ನದಿಮೀನಿಗೆ ನಮ್ಮಲ್ಲೂ ಇದ್ದವು. ಬೆಂಗಳೂರಿನ ದಕ್ಷಿಣ ಭಾರತ ವನ್ಯಜೀವಿ ಸಂಘ ಮತ್ತು ನಮ್ಮ ಕೊಡಗು ವನ್ಯಜೀವಿ ಸಂಘ ಕಾವೇರಿಯ ಕೆಲವು ಭಾಗಗಳನ್ನು ಗುತ್ತಿಗೆಗೆ ಪಡೆದು ಕಾವಲು ಇಟ್ಟವು. ತೋಟೆ ಸಿಡಿಸಿ ಮೀನು ಹಿಡಿಯುವುದನ್ನು ತಡೆದವು. ಭೀಮೇಶ್ವರಿ, ಗಾಲಿಬೋರೆ ಮುಂತಾದೆಡೆ ಶಿಬಿರಗಳಲ್ಲಿ ಹಿಡಿದ ಮಹಶೀರನ್ನು ತೂಗಿ, ಬರೆದುಕೊಂಡು, ಜೀವಂತ ಬಿಡುವುದು ಕಡ್ಡಾಯವಾಗಿತ್ತು. ಮೊದಲು ಕದ್ದು ಮೀನು ಹಿಡಿಯುತ್ತಿದ್ದವರಲ್ಲೇ ಕೆಲವರಿಗೆ ಮಾರ್ಗದರ್ಶಕರ, ಕಾವಲುಗಾರರ ಕೆಲಸ ಸಿಕ್ಕಿತು. ಆ ನದಿಗೆ ಇದರಿಂದ ಒಳಿತಾಯಿತು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಆದರೆ 1970ರ ದಶಕದಿಂದ ಲೋನಾವಳದ ಉತ್ಪಾದನಾ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಒಳ್ಳೆಯ ಉದ್ದೇಶದಿಂದಲೇ ಕಾವೇರಿಗೂ ತಂದು ಬಿಡಲಾಯಿತು. ಅದು ಈ ನದಿಯ ಮೀನಲ್ಲ. ಈ ನದಿಯದ್ದು ಬೆನ್ನು ಡುಬ್ಬದಂತೆ ಎದ್ದಿರುವ, ಕಿತ್ತಳೆ ಬಣ್ಣದ ರೆಕ್ಕೆಗಳ ದೊಡ್ಡ ಮಹಶೀರ್. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ 120 ಪೌಂಡ್ ತೂಕದ್ದನ್ನು ಹಿಡಿದದ್ದು ಇಂದಿಗೂ ದಾಖಲೆಯಾಗಿ ಉಳಿದಿದೆ. ಹೊರಗಿನದು ಹೆಚ್ಚುತ್ತಾ, ನಮ್ಮದು ಕುಗ್ಗುತ್ತಾ ಹೋಯಿತು. ಅದು ತಿಳಿದದ್ದು ಹೇಗೆ ಗೊತ್ತೇ? ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ ಗಾಳ ಹಾಕಿದವರು ಬರೆದಿಟ್ಟ ದಾಖಲೆಗಳಿಂದ. ಯಾವ ಮೀನು, ಎಷ್ಟು ತೂಕ ಎಂದು ದಿನಾಲೂ ಬರೆದ ಆ ಪುಸ್ತಕಗಳನ್ನು ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. 2018ರಲ್ಲಿ ಡುಬ್ಬದ ಮಹಶೀರ್ ಅಳಿವಿನ ಅತ್ಯಂತ ಸಮೀಪದಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ಕೆಂಪು ಪಟ್ಟಿಗೆ ಸೇರಿತು. ಆ ಶಿಬಿರಗಳಿದ್ದ ಅಭಯಾರಣ್ಯದೊಳಗೆ ಗಾಳ ಹಾಕುವುದು 2012ರಲ್ಲಿ ನಿಂತ ಮೇಲೆ ಆ ಬಗೆಯ ದಿನಚರಿಯೂ ನಿಂತುಹೋಯಿತು.

ಹೀಗಾಗಿ ಸಂಘ ಸೇರುವವರು ಎರಡು ವಿಷಯಗಳನ್ನು ಪಟ್ಟು ಹಿಡಿದು ಕೇಳಬೇಕೆಂಬುದು ನನ್ನ ಅಭಿಪ್ರಾಯ: ನದಿಗೆ ಯಾವ ಮೀನನ್ನು, ಎಲ್ಲಿಂದ ತಂದು ಬಿಡುತ್ತಿದ್ದೀರಿ? ಹಿಡಿದದ್ದನ್ನು, ಅಳೆದದ್ದನ್ನು ಬರೆದಿಡುತ್ತಿದ್ದೀರಾ?

ಉತ್ತರ 5 (ಲ್ಯಾನ್ಸಿಂಗ್, ಮಿಷಿಗನ್)

ಆಕ್ಷೇಪ ನ್ಯಾಯವಾದದ್ದು. ಬ್ರೌನ್ ಟ್ರೌಟ್ ಹೊರಗಿನದೆಂಬುದನ್ನು ಯಾರೂ ಅಲ್ಲಗಳೆಯಲಾರರು. ಕೆಲಸದ ಫಲ ಯಾರಿಗೆ ಸಿಗುತ್ತದೆ ಎಂಬುದನ್ನೂ ನೋಡಬೇಕು. ತಂಪು ನೀರು, ಸ್ವಚ್ಛವಾದ ಜಲ್ಲಿ, ದಂಡೆಯ ನೆರಳು ಇವು ಟ್ರೌಟ್‌ಗೆ ಮಾತ್ರ ಬೇಕಾದವಲ್ಲ. ಸಣ್ಣ ಸ್ಥಳೀಯ ಮೀನುಗಳಿಗೆ, ಕಪ್ಪೆಚಿಪ್ಪುಗಳಿಗೆ, ನೀರಿನ ಹುಳುಗಳಿಗೆ, ಮಿಂಚುಳ್ಳಿಗೆ ಅವೇ ಬೇಕು. 2016ರಿಂದ ರಾಜ್ಯ ಇಲಾಖೆ ಮತ್ತು ಒಟ್ಟಾವಾ ಮೂಲನಿವಾಸಿ ಸಮುದಾಯದ ಮುಂದಾಳತ್ವದಲ್ಲಿ ಗ್ರೇಲಿಂಗ್ ಮೀನನ್ನು ಮಿಷಿಗನ್ನಿಗೆ ಮರಳಿ ತರುವ ಪ್ರಯತ್ನ ನಡೆದಿದೆ. ಹಾಗೆ ಮರಳಿ ಬಂದರೆ ಅದಕ್ಕೆ ಬೇಕಾಗುವುದೂ ಇಂತಹ ನೀರೇ.

ಸಂಘದ ಮನಸ್ಸು ಎಲ್ಲಿದೆ ಎಂಬುದಕ್ಕೆ ಇನ್ನೊಂದು ನಿದರ್ಶನ ಹೇಳುತ್ತೇನೆ. ಔಸಾಬಲ್‌ನಲ್ಲಿ 1987ರಿಂದ ಒಂದು ಪ್ರತ್ಯೇಕ ಸ್ಥಳೀಯ ಸಂಘವಿದೆ. ಗ್ರೇಲಿಂಗ್ ಪಟ್ಟಣದ ಹಳೆಯ ಮರಿ ಉತ್ಪಾದನಾ ಕೇಂದ್ರದಲ್ಲಿ ವರ್ಷಕ್ಕೆ 3 ಲಕ್ಷ ಪೌಂಡ್‌ವರೆಗೆ ಟ್ರೌಟ್ ಬೆಳೆಸಲು ಅನುಮತಿ ಸಿಕ್ಕಾಗ ಆ ಸಂಘ ನ್ಯಾಯಾಲಯಕ್ಕೆ ಹೋಯಿತು. ಏಕೆಂದರೆ ತೊಟ್ಟಿಗಳ ತ್ಯಾಜ್ಯ ಔಸಾಬಲ್‌ಗೇ ಸೇರುತ್ತಿತ್ತು. ಕೊನೆಗೆ ರಾಜಿಯಾಗಿ ಸಂಘವೇ ಆ ಕೇಂದ್ರದ ಗುತ್ತಿಗೆಯನ್ನು ವಹಿಸಿಕೊಂಡಿತು. ಟ್ರೌಟ್ ಸಂಘವೇ ಟ್ರೌಟ್ ಸಾಕಣೆಯ ವಿರುದ್ಧ ವರ್ಷಗಟ್ಟಲೆ ಹೋರಾಡಿದ್ದು ನದಿಗಾಗಿ. ಹಿಡಿದು ಬಿಡುವ ಬಗ್ಗೆ: ಮುಳ್ಳಿಲ್ಲದ ಕೊಕ್ಕೆ, ರಬ್ಬರ್ ಬಲೆ, ಮೀನನ್ನು ನೀರಿನಿಂದ ಎತ್ತದೆ ಬಿಡಿಸುವುದು, ನೀರು 20 ಡಿಗ್ರಿ ತಲುಪಿದರೆ ಗಾಳ ಮಡಚಿ ಮನೆಗೆ ಹೋಗುವುದು, ಇವನ್ನು ನಮ್ಮ ಸಂಘದಲ್ಲಿ ಹೊಸಬರಿಗೆ ಮೊದಲೇ ಹೇಳಿಕೊಡುತ್ತಾರೆ.

ಹಣದ ವಿಷಯವನ್ನು ಯಾರೂ ಎತ್ತಲಿಲ್ಲ. 1950ರ ಕಾಯ್ದೆಯೊಂದರ ಪ್ರಕಾರ ಗಾಳದ ಸಲಕರಣೆಗಳ ಮೇಲಿನ ಶೇಕಡಾ 10ರ ತೆರಿಗೆ ಮೀನು ಸಂರಕ್ಷಣೆಗೆಂದೇ ರಾಜ್ಯಗಳಿಗೆ ಹೋಗುತ್ತದೆ. ಆ ಕಾಯ್ದೆ ತಂದವರಲ್ಲಿ ಒಬ್ಬರು ಮಿಷಿಗನ್ನಿನ ಸಂಸದ ಜಾನ್ ಡಿಂಗೆಲ್.

ಪ್ರಶ್ನೆ ಕೇಳಿದವರಿಂದ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಮಡಿಕೇರಿಯವರು ಹೇಳಿದ ಎರಡು ಪ್ರಶ್ನೆಗಳನ್ನು ನೆರೆಯವರಲ್ಲಿ ಕೇಳಿದೆ. ಪೇಂಟ್ ಕ್ರೀಕ್‌ಗೆ ರಾಜ್ಯ ಇಲಾಖೆಯವರು ಬ್ರೌನ್ ಟ್ರೌಟ್ ಬಿಡುತ್ತಾರೆಂದೂ, ತೊರೆಯಲ್ಲೇ ಹುಟ್ಟುವ ಮರಿಗಳೂ ಇವೆಯೆಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ನಾವು ಸೇರುತ್ತಿದ್ದೇವೆ. ಮಗಳಿಗೆ ಹತ್ತು ವರ್ಷ. ಅವಳು ಕೈಯಾರೆ ಮಾಡಬಹುದಾದ ಕೆಲಸ ಯಾವುದರಿಂದ ಆರಂಭಿಸಬಹುದು?

ಉತ್ತರ 6 (ಆನ್ ಆರ್ಬರ್, ಮಿಷಿಗನ್)

ಹುಳುಗಳಿಂದ ಆರಂಭಿಸಿ. ನಮ್ಮಲ್ಲಿ ಹ್ಯೂರಾನ್ ನದಿಯ ಜಲಾನಯನ ಮಂಡಳಿ ಪ್ರತಿ ಜನವರಿಯಲ್ಲಿ ಸ್ಟೋನ್‌ಫ್ಲೈ ಎಂಬ ನೀರಿನ ಹುಳುವಿನ ಹುಡುಕಾಟ ನಡೆಸುತ್ತದೆ. ನಿಮ್ಮ ಕಡೆ ಕ್ಲಿಂಟನ್ ನದಿಯ ಮಂಡಳಿಯೂ ಸ್ವಯಂಸೇವಕರಿಂದ ತೊರೆಗಳ ಪರೀಕ್ಷೆ ಮಾಡಿಸುತ್ತದೆ. ಸ್ಟೋನ್‌ಫ್ಲೈ ಮರಿಹುಳುವಿಗೆ ಆಮ್ಲಜನಕ ತುಂಬಿದ ಶುದ್ಧ ನೀರೇ ಬೇಕು. ಅದರಲ್ಲಿ ಕೆಲವು ಜಾತಿಗಳು ಕೊರೆಯುವ ಚಳಿಯಲ್ಲಿ ಬೆಳೆದು ಚುರುಕಾಗಿರುವುದರಿಂದ ಜನವರಿಯೇ ಸರಿಯಾದ ಕಾಲ. ಅವು ಸಿಕ್ಕರೆ ತೊರೆ ಆರೋಗ್ಯವಾಗಿದೆ ಎಂದು ನಂಬಬಹುದು. ಹಿಂದೆ ಸಿಗುತ್ತಿದ್ದ ಜಾಗದಲ್ಲಿ ಸಿಗದೇ ಹೋದರೆ ಮೇಲ್ಭಾಗದಲ್ಲಿ ಏನೋ ಕೆಟ್ಟಿದೆ ಎಂದು ಹುಡುಕಬೇಕು.

ನೀರಿಗೆ ಇಳಿಯುವವರು ತರಬೇತಿ ಪಡೆದ ದೊಡ್ಡವರು. ಅವರು ತಳದ ಕಲ್ಲುಗಳನ್ನು ಕಾಲಿನಿಂದ ಕದಡಿ, ಬಲೆಗೆ ಬಂದದ್ದನ್ನು ದಂಡೆಯ ಮೇಲಿಟ್ಟ ಬಿಳಿ ತಟ್ಟೆಗೆ ಸುರಿಯುತ್ತಾರೆ. ಮಕ್ಕಳ ಕೆಲಸ ತಟ್ಟೆಯ ಬಳಿ. ಮೊದಲಿಗೆ ಬರೀ ಎಲೆಚೂರು, ಮರಳು ಎನಿಸುತ್ತದೆ. ಸ್ವಲ್ಪ ಹೊತ್ತು ಕಣ್ಣಿಟ್ಟು ನೋಡಿದರೆ ಅದರಲ್ಲಿ ಒಂದೊಂದೇ ಅಲುಗಾಡತೊಡಗುತ್ತದೆ. ಬಾಲದ ಎಳೆ ಎರಡಿದ್ದರೆ ಸ್ಟೋನ್‌ಫ್ಲೈ, ಸಾಮಾನ್ಯವಾಗಿ ಮೂರಿದ್ದರೆ ಮೇಫ್ಲೈ, ಮರಳಿನ ಕಣ ಅಥವಾ ಕಡ್ಡಿ ಅಂಟಿಸಿಕೊಂಡ ಕೊಳವೆಯೊಳಗಿಂದ ತಲೆ ಹೊರಹಾಕಿದರೆ ಕ್ಯಾಡಿಸ್. ಚಿಮುಟದಿಂದ ಎತ್ತಿ ಬೇರೆಬೇರೆ ಮಾಡುವುದರಲ್ಲಿ ಚಿಕ್ಕ ಕಣ್ಣುಗಳು ದೊಡ್ಡವರಿಗಿಂತ ಚುರುಕು. ಹೀಗೆ ಸೇರಿದ ಮಾಹಿತಿ ವರ್ಷ ವರ್ಷಕ್ಕೂ ದಾಖಲಾಗುತ್ತದೆ, ಮಡಿಕೇರಿಯವರು ಕೇಳಿದ್ದು ಅದನ್ನೇ ಅಲ್ಲವೇ.

ಹೆಸರು ಮೊದಲೇ ನೋಂದಾಯಿಸಬೇಕು, ಮಗುವಿನೊಂದಿಗೆ ಪೋಷಕರಿರಬೇಕು. ಮಗಳಿಗೆ ಉಣ್ಣೆಯ ಕಾಲುಚೀಲ ಎರಡು ಜೊತೆ, ನೀರು ಹಿಡಿಯದ ಬೂಟು ಹಾಕಿಸಿ. ಕೈಗವಸು ಒದ್ದೆಯಾಗುವುದು ಖಂಡಿತವಾದ್ದರಿಂದ ಹೆಚ್ಚಿನ ಜೊತೆಯನ್ನೂ, ಫ್ಲಾಸ್ಕಿನಲ್ಲಿ ಬಿಸಿಯಾಗಿ ಏನನ್ನಾದರೂ ತನ್ನಿ.